ಒಂದೇ ಆಲ್ಬಂ ಎರಡು ಸಲ: 'ವಿಕಾಸ' ಎನ್ನೋಣವೇ, 'ಪಾಠಾಂತರ' ಎನ್ನೋಣವೇ?

ಒಂದು ಪದ ಬೇಕಾಗಿದೆ; ಬಲ್ಲವರು ನೆರವಾಗಬೇಕು.

'ಕಾರ್ ಸೀಟ್ ಹೆಡ್‌ರೆಸ್ಟ್' ಎಂಬ ಹೆಸರಿನಲ್ಲಿ ಹಾಡುವ ಅಮೆರಿಕದ ವಿಲ್ ಟೊಲೆಡೊ ಅವರ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. 2010ರಿಂದ ಈಚೆಗೆ ಅವರ ಹಾಡುಗಾರಿಕೆ ಹೇಗೆಲ್ಲ ಬದಲಾಯಿತು ಎಂಬುದು ವಿಷಯ. ಮೊದಲ ಕರಡಿಗೆ 'ಶೈಲಿಯ ವಿಕಾಸ' ಎಂದು ತಲೆಬರಹ ಕೊಟ್ಟಿದ್ದೆ. ಓದಿದ ಗೆಳತಿಯೊಬ್ಬಳು, "ತಲೆಬರಹ ಹೇಳುವುದೇ ಒಂದು, ಲೇಖನ ಹೇಳುವುದೇ ಇನ್ನೊಂದು" ಎಂದಳು. ಅವಳ ಮಾತು ನಿಜ. ಅಂದಿನಿಂದ ತಲೆಬರಹ ಅಳಿಸಿ ಬರೆಯುವುದೇ ಕೆಲಸವಾಗಿದೆ.

ಅವರ ಹಾಡು ಕೇಳದವರಿಗಾಗಿ ಸ್ವಲ್ಪ ಹಿನ್ನೆಲೆ. ಟೊಲೆಡೊ 2010ರಲ್ಲಿ, ವರ್ಜೀನಿಯಾ ರಾಜ್ಯದ ಲೀಸ್‌ಬರ್ಗ್‌ನಲ್ಲಿ, ಇನ್ನೂ ಹದಿಹರೆಯದವರಾಗಿದ್ದಾಗ ಒಬ್ಬರೇ ಹಾಡು ಕಟ್ಟಿ ಬ್ಯಾಂಡ್‌ಕ್ಯಾಂಪ್ ಜಾಲತಾಣಕ್ಕೆ ಏರಿಸತೊಡಗಿದರು. ಇನ್ನೊಬ್ಬರ ಕಿವಿಗೆ ಬೀಳದಂತೆ ಹಾಡಲು ಜಾಗ ಬೇಕಿತ್ತು. ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು ಹಾಡಿದರು. ಹಾಡುವವನ ಕಣ್ಣೆದುರು ಇದ್ದದ್ದು ಮುಂದಿನ ಸೀಟಿನ ಒರಗುದಿಂಬು. ಹೆಸರು ಬಂದದ್ದು ಅಲ್ಲಿಂದ. ಮೊದಲ ಆಲ್ಬಂಗಳಿಗೆ ಹೆಸರಿನ ಬದಲು 1, 2, 3, 4 ಎಂಬ ಅಂಕೆಗಳು. ನಾಲ್ಕೂ ಅದೇ ವರ್ಷದವು. 2011ರಲ್ಲಿ 'ಟ್ವಿನ್ ಫ್ಯಾಂಟಸಿ' ಬಂತು. 2015ರಲ್ಲಿ ಮ್ಯಾಟಡಾರ್ ಎಂಬ ಧ್ವನಿಮುದ್ರಣ ಸಂಸ್ಥೆ ಅವರನ್ನು ಕರೆದುಕೊಂಡಿತು. ಆ ಹೊತ್ತಿಗೆ ಸಿಯಾಟಲ್‌ನಲ್ಲಿ ವಾದ್ಯತಂಡವೂ ಕೂಡಿಬಂದಿತ್ತು. 2016ರ 'ಟೀನ್ಸ್ ಆಫ್ ಡಿನೈಯಲ್' ತಂಡದ ಜೊತೆ ಸ್ಟುಡಿಯೊದಲ್ಲಿ ಆದದ್ದು. ನನ್ನ ಪ್ರಶ್ನೆ ಹುಟ್ಟುವುದು ಅದರ ಮುಂದಿನ ಹೆಜ್ಜೆಯಲ್ಲಿ. 2018ರಲ್ಲಿ ಅವರು ಹಳೆಯ 'ಟ್ವಿನ್ ಫ್ಯಾಂಟಸಿ'ಯನ್ನು ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಹೊಸದಾಗಿ ಹಾಡಿ ಅದೇ ಹೆಸರಿನಲ್ಲಿ ಹೊರತಂದರು. ಹಳೆಯದನ್ನು ತೆಗೆದುಹಾಕಲಿಲ್ಲ. ಹಳೆಯದಕ್ಕೆ 'ಮಿರರ್ ಟು ಮಿರರ್', ಹೊಸದಕ್ಕೆ 'ಫೇಸ್ ಟು ಫೇಸ್' ಎಂಬ ಅಡಿಬರಹ ಕೊಟ್ಟು ಎರಡನ್ನೂ ಅಕ್ಕಪಕ್ಕ ಇರಗೊಟ್ಟರು. 2020ರ 'ಮೇಕಿಂಗ್ ಎ ಡೋರ್ ಲೆಸ್ ಓಪನ್' ಎಲೆಕ್ಟ್ರಾನಿಕ್ ಸದ್ದಿನ ಕಡೆಗೆ ಸರಿಯಿತು. 2025ರ 'ದಿ ಸ್ಕಾಲರ್ಸ್' ಕಥನದ ಎಳೆ ಹಿಡಿದ ರಾಕ್ ಗೀತನಾಟಕ.

ಇದನ್ನೆಲ್ಲ 'ವಿಕಾಸ' ಎಂದರೆ ಏನಾಗುತ್ತದೆ? ವಿಕಾಸದ ಹಳೆಯ ಅರ್ಥ ಅರಳುವುದು, ಬಿರಿಯುವುದು. ಜೀವವಿಜ್ಞಾನದ 'ವಿಕಾಸವಾದ' ಬಳಕೆಗೆ ಬಂದ ಮೇಲೆ ಆ ಪದಕ್ಕೆ ಏಣಿಯ ಚಿತ್ರವೂ ಅಂಟಿಕೊಂಡಿದೆ. ಜೀವವಿಕಾಸ ಕವಲೊಡೆಯುವ ಮರದಂತೆ ಎಂದು ವಿಜ್ಞಾನಿಗಳು ಎಷ್ಟು ಹೇಳಿದರೂ ನಮ್ಮ ಮಾತಿನಲ್ಲಿ ಏಣಿಯೇ ನಿಂತಿದೆ. ಹೂವಿನ ಅರ್ಥ ಹಿಡಿಯಿರಿ, ಏಣಿಯ ಅರ್ಥ ಹಿಡಿಯಿರಿ, ಎರಡರಲ್ಲೂ ಹಿಂದಿನದು ಮುಂದಿನದಕ್ಕಿಂತ ಕಡಿಮೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ಅರಳಿದ ಹೂವಿನ ಪಕ್ಕದಲ್ಲಿ ಅದರದೇ ಮೊಗ್ಗು ಇರಲಾರದು. ಮೊಗ್ಗೇ ಹೂವಾಗಿ ಮುಗಿದಿರುತ್ತದೆ. ಇಲ್ಲಿ ಮೊಗ್ಗೂ ಇದೆ, ಹೂವೂ ಇದೆ, ಕೇಳುಗನ ಬೆರಳಿಗೆ ಎರಡೂ ಒಂದೇ ದೂರ.

ಇಬ್ಬರು ಅವಳಿಗಳನ್ನು ಎದುರು ಕೂರಿಸಿಕೊಂಡಂತೆ ಎರಡನ್ನೂ ಒಂದಾದ ಮೇಲೊಂದು ಕೇಳಿದೆ. 'ಬೀಚ್ ಲೈಫ್-ಇನ್-ಡೆತ್' ಎಂಬ ಹಾಡು ಎರಡರಲ್ಲೂ ಹನ್ನೆರಡು ನಿಮಿಷ ದಾಟುತ್ತದೆ. 2011ರದರಲ್ಲಿ ಗಿಟಾರು, ಡ್ರಮ್ಮು, ಕೊರಳು ಒಂದರ ಮೇಲೊಂದು ಬಿದ್ದಿವೆ. ದನಿ ಏರಿದಲ್ಲೆಲ್ಲ ಹಳೆಯ ಬಟ್ಟೆ ಪರ್ರನೆ ಹರಿದ ಹಾಗೆ ಸದ್ದು ಹರಿಯುತ್ತದೆ. ಮಾತು ಅರ್ಧ ಕಿವಿಗೆ ಸಿಗುತ್ತದೆ, ಉಳಿದರ್ಧವನ್ನು ಊಹಿಸಿಕೊಳ್ಳಬೇಕು. 2018ರದರಲ್ಲಿ ಡ್ರಮ್ಮಿನ ಏಟು ಬೇರೆ, ತಂತಿಯ ಮಿಡಿತ ಬೇರೆ, ಹಾಡಿನ ಪದಪದವೂ ಬಿಡಿಬಿಡಿ. ಕುಶಲತೆ ಹೆಚ್ಚಿದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಬಾಗಿಲ ಆಚೆ ನಿಂತು ಕೇಳಬಾರದ್ದನ್ನು ಕೇಳಿಸಿಕೊಂಡ ಅಳುಕು ಹಳೆಯದರಲ್ಲಿ ಮಾತ್ರ ಇದೆ. ನಾನು ಹಳೆಯದರ ಕಡೆಯವನು. ಹೊಸದರ ಕಡೆಯವರೂ ಬಹಳ ಜನ. 'ವಿಕಾಸ' ಎಂದು ಬರೆದರೆ ಈ ಚರ್ಚೆಯನ್ನು ತಲೆಬರಹವೇ ತೀರ್ಮಾನಿಸಿಬಿಟ್ಟಂತೆ.

ಇನ್ನು 'ಮಾಗು'. ವಿಮರ್ಶೆಯ ಬರಹಗಳಲ್ಲಿ 'ಮಾಗಿದ ಶೈಲಿ' ಎಂಬ ಮಾತು ಸಲೀಸಾಗಿ ಬರುತ್ತದೆ, ಕಿವಿಗೂ ಹಿತ. ಮಾಗಿದ್ದರ ಎದುರು ನಿಲ್ಲುವುದು ಹಸಿ. ಇಲ್ಲಿ ನನಗೊಂದು ಲಾಭವೂ ಆಯಿತು. ಮನೆಯಲ್ಲೇ ಅಗ್ಗದ ಸಲಕರಣೆಯಲ್ಲಿ ಮುದ್ರಿಸಿದ, ಒರಟಾಗಿ ಕೇಳುವ ಹಾಡಿಗೆ ಇಂಗ್ಲಿಷಿನವರು 'ಲೋ-ಫೈ' ಎನ್ನುತ್ತಾರಲ್ಲ, ಅದನ್ನು ಕನ್ನಡದಲ್ಲಿ 'ಕಡಿಮೆ ಗುಣಮಟ್ಟದ ಧ್ವನಿಮುದ್ರಣ' ಎಂದು ಬರೆದದ್ದನ್ನು ನೋಡಿದ್ದೇನೆ. ಅದು ದೂರಿನ ಅರ್ಜಿಯ ಭಾಷೆ. ಆ ಇಂಗ್ಲಿಷ್ ಪದದ 'ಫೈ' ಎಂದರೆ 'ಫಿಡೆಲಿಟಿ', ಅಂದರೆ ಒಳಗಿರುವುದು ನಿಷ್ಠೆಯ ಮಾತು: ಮೂಲದ ಸದ್ದಿಗೆ ಮುದ್ರಣ ಎಷ್ಟು ನಿಷ್ಠವಾಗಿದೆ ಎಂಬ ಲೆಕ್ಕ. ಅದನ್ನೂ ಹಾಗೆಯೇ ಎತ್ತಿ ತಂದರೆ 'ಅಲ್ಪನಿಷ್ಠ' ಎಂದಾಗಿ ಅನರ್ಥ. 'ಹಸಿಧ್ವನಿ' ಎನ್ನಬಹುದಲ್ಲವೇ? ನಮ್ಮ ಹಸಿ ಬೇಯದ್ದಕ್ಕೂ ಆಗುತ್ತದೆ, ಒಣಗದ್ದಕ್ಕೂ ಆಗುತ್ತದೆ. ಹಸಿ ಮಣ್ಣಿನಲ್ಲಿ ಬೆರಳಿನ ಗುರುತು ಮೂಡುತ್ತದೆ, ಹಸಿ ಗಾಯ ಮುಟ್ಟಿದರೆ ಉರಿಯುತ್ತದೆ. ಹಿಂದಿನ ಸೀಟಿನಲ್ಲಿ ಕುಳಿತ ಹುಡುಗನ ಹಾಡಿಗೆ ಈ ಎರಡೂ ಒಪ್ಪುತ್ತವೆ. 'ಹಸಿಧ್ವನಿ'ಯನ್ನು ಲೇಖನದಲ್ಲಿ ಬಳಸಲು ನಿರ್ಧರಿಸಿದ್ದೇನೆ. ಯಾರಿಗಾದರೂ ತಕರಾರಿದ್ದರೆ ಈಗಲೇ ಹೇಳಿ. 'ಮಾಗು' ಮಾತ್ರ ಬೇಡ ಎನಿಸಿತು. ಮಾಗಿದ ಹಣ್ಣಿಗೆ ಮುಂದಿನ ಗತಿ ಒಂದೇ, ಇವರೋ 2020ರಲ್ಲಿ ಬೇರೆ ಬೀಜವನ್ನೇ ನೆಟ್ಟರು.

'ಧಾಟಿ', 'ವರಸೆ', 'ಬಾನಿ' ಇವನ್ನೂ ಹಚ್ಚಿ ನೋಡಿದೆ. 'ಧಾಟಿ ಬದಲಾಯಿತು' ಎಂದರೆ ಮಾತಿನಲ್ಲಿ ಸಿಟ್ಟೋ ಸೊಕ್ಕೋ ಇಣುಕಿತು ಎಂಬ ಧ್ವನಿ ಬರುತ್ತದೆ. 'ವರಸೆ ಬದಲಿಸಿದರು' ಎಂದರಂತೂ ಕೊಟ್ಟ ಮಾತಿಗೆ ತಪ್ಪಿದರು ಎಂದೇ ಓದಿಕೊಳ್ಳುತ್ತಾರೆ. ಸರಳೆ ವರಸೆ, ಜಂಟಿ ವರಸೆ ಎಂದು ಸಂಗೀತದ ಮೊದಲ ಪಾಠದಲ್ಲೇ ಕಲಿಯುವ ಪದ ಹೊರಗಿನ ಮಾತಿನಲ್ಲಿ ಹೀಗೇಕೆ ಕೆಟ್ಟಿತೋ! 'ಬಾನಿ' ಚೆಂದದ ಪದ; ಆದರೆ ಅದರಲ್ಲಿ ಗುರುವಿನ ಹೆಸರು ಕೇಳುತ್ತದೆ. ಒಬ್ಬರೇ ಕಾರಿನಲ್ಲಿ ಕುಳಿತು ಕಲಿತವರಿಗೆ ಯಾರ ಬಾನಿ ಎನ್ನುವುದು?

'ಶೈಲಿ' ಎಂಬ ಪದವೇ ಇಲ್ಲಿ ಸರಿಯೇ ಎಂಬ ಶಂಕೆಯೂ ಬಂತು. ಶೈಲಿ ಬಂದದ್ದು ಶೀಲದಿಂದ. ಶೀಲವೆಂದರೆ ಸ್ವಭಾವ, ನಡತೆ. ಆ ಲೆಕ್ಕದಲ್ಲಿ ಶೈಲಿ ಬದಲಾಯಿತು ಎಂದರೆ ಆಳೇ ಬದಲಾದ ಎಂದಾಗುತ್ತದೆ. ಟೊಲೆಡೊ ಅವರ ಹಾಡುಗಳಲ್ಲಿ ಸಲಕರಣೆ ಬದಲಾಗಿದೆ, ಜೊತೆಗಾರರು ಬಂದಿದ್ದಾರೆ, ಸದ್ದು ತಿಳಿಯಾಗಿದೆ. ಆದರೆ ಒಂದು ಹಾಡನ್ನು ಹತ್ತಾರು ನಿಮಿಷ ಎಳೆದು ನಡುನಡುವೆ ಮೂರು ನಾಲ್ಕು ಹಾಡುಗಳಷ್ಟು ತಿರುವು ಕೊಡುವ ಹಟ ಇಂದಿಗೂ ಇದೆ. ಅದು ಶೀಲ. ಉಳಿದದ್ದಕ್ಕೆ ಬೇರೆ ಪದ ಬೇಕು.

ಇದೇ ಯೋಚನೆಯಲ್ಲಿದ್ದಾಗ ಹೊಳೆದದ್ದು 'ಪಾಠಾಂತರ'. ಹಳಗನ್ನಡ ಕಾವ್ಯಗಳ ಸಂಪಾದನೆಯಲ್ಲಿ ಇದು ದಿನನಿತ್ಯದ ಪದ. ಒಂದೇ ಪದ್ಯ ಒಂದು ಓಲೆಪ್ರತಿಯಲ್ಲಿ ಒಂದು ರೀತಿ, ಇನ್ನೊಂದರಲ್ಲಿ ಇನ್ನೊಂದು ರೀತಿ ಇದ್ದರೆ ಸಂಪಾದಕರು ಒಂದನ್ನು ಮೇಲಿಟ್ಟು ಉಳಿದದ್ದನ್ನು ಅಡಿಯಲ್ಲಿ ಕೊಡುತ್ತಾರೆ, ಬಿಸಾಡುವುದಿಲ್ಲ. ಕರ್ನಾಟಕ ಸಂಗೀತದವರೂ ಇದೇ ಪದವನ್ನು ಬಳಸುತ್ತಾರೆ. ಒಂದು ಕೃತಿಯನ್ನು ಒಂದು ಶಿಷ್ಯಪರಂಪರೆಯವರು ಹಾಡುವ ಬಗೆಗೂ ಇನ್ನೊಂದರವರು ಹಾಡುವ ಬಗೆಗೂ ಸಂಗತಿಗಳಲ್ಲಿ, ಅಂದರೆ ಒಂದೇ ಸಾಲನ್ನು ಬೇರೆ ಬೇರೆಯಾಗಿ ಬೆಳೆಸಿ ಹಾಡುವ ಬಗೆಗಳಲ್ಲಿ, ವ್ಯತ್ಯಾಸವಿದ್ದರೆ 'ಅವರ ಪಾಠಾಂತರ ಬೇರೆ' ಎನ್ನುತ್ತಾರೆ. ಅದರಲ್ಲಿ ಮೇಲುಕೀಳಿಲ್ಲ. 'ಹಾಡಿದ್ದೇ ಹಾಡುವ ಕಿಸುಬಾಯಿ ದಾಸ' ಎಂದು ನಮ್ಮ ಗಾದೆ ಮತ್ತೆ ಹಾಡುವವನನ್ನು ಹಂಗಿಸುತ್ತದೆ, ನಿಜ. ಆದರೆ ಅದೇ ಭಾಷೆಯ ಸಂಗೀತಗಾರರು ಮತ್ತೆ ಹಾಡುವುದಕ್ಕೆ ಇಷ್ಟು ಗೌರವದ ಪದವನ್ನು ಕಾಪಾಡಿಕೊಂಡು ಬಂದಿದ್ದಾರೆ.

ಪಾಠಾಂತರ ಎಂಬ ಕಣ್ಣಿನಿಂದ ನೋಡಿದಾಗ ಆ ಹಾಡುಗಾರನ ಉಳಿದ ಆಲ್ಬಂಗಳೂ ಬೇರೆಯಾಗಿ ಕಂಡವು. 2015ರ 'ಟೀನ್ಸ್ ಆಫ್ ಸ್ಟೈಲ್' ಹಿಂದಿನ ಆಲ್ಬಂಗಳ ಹಾಡುಗಳನ್ನು ಆರಿಸಿ ಮರಳಿ ಮುದ್ರಿಸಿದ್ದು. ಅಂದರೆ ಈ ಚಾಳಿ 2018ಕ್ಕಿಂತ ಹಳೆಯದು. 'ಟೀನ್ಸ್ ಆಫ್ ಡಿನೈಯಲ್'ನಲ್ಲಿ ದಿ ಕಾರ್ಸ್ ತಂಡದ ಹಳೆಯ ಹಾಡೊಂದರ ತುಣುಕನ್ನು ಸೇರಿಸಿಕೊಂಡ ಹಾಡಿತ್ತು. ಬಿಡುಗಡೆಯ ಹೊಸ್ತಿಲಲ್ಲಿ ಅದರ ಅನುಮತಿ ತಪ್ಪಿಹೋಯಿತು. ಆಗಲೇ ಅಚ್ಚಾಗಿದ್ದ ಗ್ರಾಮಫೋನ್ ತಟ್ಟೆಗಳನ್ನು ಹಿಂದಕ್ಕೆ ತರಿಸಿ ನಾಶಮಾಡಿದರು. ಟೊಲೆಡೊ ಅವಸರದಲ್ಲಿ ಆ ಹಾಡನ್ನು ಬೇರೆ ಮಾಡಿ ಕಟ್ಟಿಕೊಟ್ಟರು. ನಾವು ಈಗ ಕೇಳುವುದು ಆ ಎರಡನೆಯ ಪಾಠವನ್ನು. 2020ರ ಆಲ್ಬಂ ಇನ್ನೂ ಸೋಜಿಗ: ತಟ್ಟೆಯಲ್ಲಿರುವುದು, ಸಿ.ಡಿ.ಯಲ್ಲಿರುವುದು, ಅಂತರ್ಜಾಲದಲ್ಲಿರುವುದು ಒಂದಕ್ಕೊಂದು ಪೂರ್ತಿ ಹೊಂದುವುದಿಲ್ಲ. ಗ್ರಂಥಸಂಪಾದಕರು ಕ ಪ್ರತಿ, ಖ ಪ್ರತಿ, ಗ ಪ್ರತಿ ಎಂದು ಗುರುತು ಹಾಕುವಂತೆ ಇವಕ್ಕೂ ಗುರುತು ಹಾಕಬೇಕಾಗುತ್ತದೆ.

ಆದರೂ ಒಂದು ಮುಳ್ಳು ಉಳಿದಿದೆ. ಗ್ರಂಥಸಂಪಾದನೆಯಲ್ಲಿ ಪಾಠಾಂತರ ಹುಟ್ಟುವುದು ಲಿಪಿಕಾರನ ಕೈಯಲ್ಲಿ, ಸಂಗೀತದಲ್ಲಿ ಶಿಷ್ಯನ ಕೊರಳಲ್ಲಿ. ಎರಡು ಕಡೆಯೂ ಕರ್ತೃ ಒಬ್ಬ, ಬದಲಿಸಿದವನು ಇನ್ನೊಬ್ಬ. ಇಲ್ಲಿ ಬದಲಿಸಿದವರು ಕರ್ತೃವೇ. ಕವಿ ತಾನೇ ತಿದ್ದಿದರೆ ಅದನ್ನು 'ಪರಿಷ್ಕೃತ ಆವೃತ್ತಿ' ಎನ್ನುತ್ತೇವೆ. ಆದರೆ ಪರಿಷ್ಕರಣೆ ಎಂದೊಡನೆ ಹಿಂದಿನ ಆವೃತ್ತಿ ರದ್ದಾದಂತೆ; ಪರಿಷ್ಕೃತ ಪಠ್ಯಪುಸ್ತಕ ಬಂದ ಮೇಲೆ ಹಳೆಯದನ್ನು ಯಾರೂ ಕೊಳ್ಳುವುದಿಲ್ಲ. ಮತ್ತೆ ಅದೇ ಏಣಿ. 'ನೆರ್ವಸ್ ಯಂಗ್ ಇನ್‌ಹ್ಯೂಮನ್ಸ್' ಹಾಡಿನ ಕೊನೆಯಲ್ಲಿ ಬರುವ ಮಾತು 2011ರಲ್ಲಿ ಒಂದು, 2018ರಲ್ಲಿ ಪೂರ್ತಿ ಬೇರೆ. ಹತ್ತೊಂಬತ್ತರ ಹುಡುಗ ಹೇಳಿದ್ದನ್ನು ಇಪ್ಪತ್ತೈದರವರು ತಿದ್ದಿದರು ಎನ್ನುವುದಕ್ಕಿಂತ ಅದಕ್ಕೆ ಉತ್ತರ ಕೊಟ್ಟರು ಎನ್ನುವುದು ನನಗೆ ಸರಿ ಕಾಣುತ್ತದೆ. ವಯಸ್ಸಿನ ಅಂತರ ಅಷ್ಟಿದ್ದರೆ ಒಬ್ಬನೇ ವ್ಯಕ್ತಿಯನ್ನು ಕರ್ತೃ ಮತ್ತು ಶಿಷ್ಯ ಎಂದು ಇಬ್ಬರಾಗಿ ಎಣಿಸಬಹುದೇ? ಎಣಿಸಬಹುದಾದರೆ ಪಾಠಾಂತರ ನಿಲ್ಲುತ್ತದೆ.

ಆಲ್ಬಂಗಳ ಒಟ್ಟು ಸಾಲಿಗೆ, ಅಂದರೆ ಇಂಗ್ಲಿಷಿನ 'ಡಿಸ್ಕೋಗ್ರಫಿ'ಗೆ, ಏನೆನ್ನುವುದು ಎಂಬ ಪ್ರಶ್ನೆಯಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಸುರುಳಿ ಹೋಗಿ ಎಷ್ಟೋ ವರ್ಷವಾದರೂ ಪತ್ರಿಕೆಗಳಲ್ಲಿ 'ಧ್ವನಿಸುರುಳಿ ಬಿಡುಗಡೆ' ನಡೆದೇ ಇದೆ. ಇಂಗ್ಲಿಷಿನವರ ಪದದಲ್ಲೂ ತಟ್ಟೆ ಇನ್ನೂ ತಿರುಗುತ್ತಿದೆ. 'ಧ್ವನಿಮುದ್ರಿಕೆಗಳು' ಎಂಬುದೇ ಸಾಕು. ಪಟ್ಟಿಯನ್ನೇ ಕೊಡುವಾಗ, ಗ್ರಂಥಸೂಚಿಯ ಹಾಗೆ, 'ಮುದ್ರಿಕೆಸೂಚಿ' ಎನ್ನಬಹುದು.

ಉಳಿದದ್ದು ಇಡೀ ಪಯಣಕ್ಕೆ ಒಪ್ಪುವ ಕ್ರಿಯಾಪದ. 'ಹೊರಳು' ಎಂಬುದು ನನ್ನ ಈಗಿನ ಒಲವು. ಮಲಗಿದವರು ಮಗ್ಗುಲು ಹೊರಳಿದರೆ ಮೇಲೇರುವುದೂ ಇಲ್ಲ, ಕೆಳಗಿಳಿಯುವುದೂ ಇಲ್ಲ, ಮತ್ತೆ ಹಳೆಯ ಮಗ್ಗುಲಿಗೆ ಬರಲು ಅಡ್ಡಿಯೂ ಇಲ್ಲ. ಆದರೆ ಹೊರಳುವುದರಲ್ಲಿ ನಿದ್ದೆಯ ನೆರಳಿದೆ, ನರಳಾಟದ ನೆರಳೂ ಇದೆ. 'ಶೈಲಿಯ ಹೊರಳು' ಎಂದು ತಲೆಬರಹದಲ್ಲಿ ಕಂಡರೆ ನಿಮಗೆ ಏನು ತೋಚುತ್ತದೆ ಎಂದು ತಿಳಿಯಬೇಕು.

ಲೇಖನದ ಜೊತೆ ಆ ಎರಡು ಆಲ್ಬಂಗಳ ಮುಖಪುಟಗಳನ್ನು ಪಕ್ಕಪಕ್ಕ ಅಚ್ಚು ಮಾಡುವವರಿದ್ದಾರೆ. ಎರಡರಲ್ಲೂ ಅಪ್ಪಿಕೊಂಡ ಅವೇ ಎರಡು ಆಕೃತಿಗಳು, ಬೇರೆ ಬೇರೆ ಗೆರೆಗಳಲ್ಲಿ. ಚಿತ್ರಗಳ ಅಡಿಗೆ ಸದ್ಯಕ್ಕೆ '2011ರ ಪಾಠ', '2018ರ ಪಾಠ' ಎಂದು ಬರೆದಿಟ್ಟಿದ್ದೇನೆ. ಬರಿಯ 'ಪಾಠ' ಎಂದರೆ ಶಾಲೆಯ ಪಾಠವೆಂದು ತಿಳಿಯುವವರು ಇದ್ದಾರೆಯೇ? ಇದ್ದರೆ ಆ ಎರಡು ಸಾಲುಗಳನ್ನು ನೀವು ಹೇಗೆ ಬರೆಯುತ್ತೀರಿ?