ಸಹಾಯ ಬೇಕು: ವ್ಯಾನಿನ ವೀಲ್‌ಚೇರ್ ಲಿಫ್ಟ್ ರೀಕಾಲ್

ಅಮ್ಮನಿಗಾಗಿ ವೀಲ್‌ಚೇರ್ ಲಿಫ್ಟ್ ಇರುವ ಸೆಕೆಂಡ್ ಹ್ಯಾಂಡ್ ವ್ಯಾನ್ ತಗೊಂಡಿದ್ದೇವೆ. ಈ ಮಾದರಿಯ ಲಿಫ್ಟ್ ರೀಕಾಲ್ ಆಗಿದೆ, ಅಂದರೆ ದೋಷ ಇದೆ ಅಂತ ಕಂಪನಿಯೇ ಸರಿಪಡಿಸಲು ವಾಪಸ್ ಕರೆದಿದೆ ಅಂತ ಮೆಕ್ಯಾನಿಕ್ ಹೇಳಿದರು. ವ್ಯಾನಿನ 17 ಅಕ್ಷರಗಳ ಚಾಸಿಸ್ ನಂಬರ್ ಹಾಕಿ ರೀಕಾಲ್ ಇದೆಯಾ ಅಂತ ಹುಡುಕಿದರೆ ಏನೂ ಬರುತ್ತಿಲ್ಲ. ವ್ಯಾನ್ ಮಾಡಿದವರು ಬೇರೆ, ಲಿಫ್ಟ್ ಮಾಡಿದವರು ಬೇರೆ, ಅದಕ್ಕೇ ಇರಬೇಕು ಅಲ್ವಾ? ಲಿಫ್ಟಿನ ಸೀರಿಯಲ್ ನಂಬರ್ ಇರುವ ತಗಡು ಸವೆದು ಕೊನೆಯ ಮೂರು ಅಂಕಿ ಕಾಣುತ್ತಿಲ್ಲ. ಆ ನಂಬರ್ ಬೇರೆಲ್ಲಾದರೂ ಸಿಗುತ್ತದಾ?

ನನಗೆ ಜಾಸ್ತಿ ಭಯ ಲಿಫ್ಟ್ ಪ್ಲಾಟ್‌ಫಾರ್ಮಿನ ಹೊರ ಅಂಚಿನಲ್ಲಿರುವ ತಡೆಪಟ್ಟಿಯದ್ದು. ಪ್ಲಾಟ್‌ಫಾರ್ಮ್ ನೆಲ ಬಿಡುತ್ತಿದ್ದಂತೆ ಅದು ಎದ್ದು ನಿಲ್ಲಬೇಕು, ಇಲ್ಲದಿದ್ದರೆ ಗಾಲಿ ಹೊರಗೆ ಜಾರುತ್ತದೆ. ಮೊನ್ನೆ ಆ ಪಟ್ಟಿ ಅರ್ಧಕ್ಕೇ ನಿಂತಿತು. ಅಮ್ಮ ನಕ್ಕರು, ನನ್ನ ಕೈ ನಡುಗಿತು. ಅವತ್ತಿನಿಂದ ಲಿಫ್ಟ್ ಬಳಸಿಲ್ಲ.

ಹಳೇ ಗಾಡಿ ಕೊಂಡವರಿಗೂ ಉಚಿತವಾಗಿ ಸರಿ ಮಾಡಿಕೊಟ್ಟಿದ್ದಾರಾ? ಮಾಡಿಸಿಕೊಂಡವರಿದ್ದರೆ ದಯವಿಟ್ಟು ತಿಳಿಸಿ. ಸುಮ್ನೆ ಗ್ರೀಸ್ ಹಾಕಿ ಅನ್ನಬೇಡಿ, ಅದೂ ಆಯ್ತು.