ಪುಟ್ಟನ ಪೊಲೀಸ್ ಫಾರಂ, ನಮ್ಮ ಮನೆತನದ ವಾಟ್ಸಾಪ್ ಗುಂಪು

ಮಾವ ಗುಂಪಿಗೆ ಹಾಕಿದ ಫಾರ್ವರ್ಡ್ ಇದು:

"ಸುಪ್ರೀಂ ಕೋರ್ಟ್ ಮಹತ್ವದ ತೀರ್ಪು!! ಹಳೇ ಕ್ರಿಮಿನಲ್ ಕೇಸ್ ಮುಚ್ಚಿಟ್ಟರೂ ಇನ್ನು ಪೊಲೀಸ್ ಕೆಲಸ ಹೋಗಲ್ಲ. ಪೊಲೀಸ್ ಆಗುವ ಆಸೆ ಇರುವ ಪ್ರತಿಯೊಬ್ಬ ಯುವಕನಿಗೂ ತಲುಪಿಸಿ 🙏🙏"

ಅದರ ಕೆಳಗೆ ಮಾವನದೇ ಒಂದು ಸಾಲು: "ಪುಟ್ಟನ ಚಿಂತೆ ಮುಗೀತು. ಧೈರ್ಯವಾಗಿ ಫಾರಂ ತುಂಬಪ್ಪ."

ಪುಟ್ಟ ನನ್ನ ತಮ್ಮ. ಕಾನ್‌ಸ್ಟೆಬಲ್ ಹುದ್ದೆಯ ಲಿಖಿತ ಪರೀಕ್ಷೆ ಮುಗಿಸಿ, ಮೈದಾನದಲ್ಲಿ ಓಡಿ ಪಾಸಾಗಿದ್ದಾನೆ. ಈಗ ವೆರಿಫಿಕೇಷನ್ ಹಂತ. ಫಾರಂ ಪೂರ್ತಿ ನೀಲಿ ಪೆನ್ನಿನಲ್ಲಿ ತುಂಬಿಟ್ಟಿದ್ದ. ಒಂದೇ ಒಂದು ಪ್ರಶ್ನೆ ಬಾಕಿ. ನಿಮ್ಮ ಮೇಲೆ ಎಂದಾದರೂ ಕ್ರಿಮಿನಲ್ ಮೊಕದ್ದಮೆ ದಾಖಲಾಗಿತ್ತೇ, ಬಂಧನವಾಗಿತ್ತೇ, ದಂಡ ಅಥವಾ ಶಿಕ್ಷೆ ಆಗಿತ್ತೇ ಅಂತ ಕೇಳುವ ಪ್ರಶ್ನೆ. ಅದರ ಮುಂದೆ ಪೆನ್ಸಿಲಿನಲ್ಲಿ 'ಇಲ್ಲ' ಅಂತ ಬರೆದು, ಅಳಿಸಿ, ಮತ್ತೆ ಬರೆದಿದ್ದ. ಕಾಗದ ಅಲ್ಲಿ ತೆಳ್ಳಗಾಗಿತ್ತು.

ಅವನ ಮೇಲೆ ಕೇಸ್ ಇತ್ತು. ತೋಟದ ಬೇಲಿ ಜಗಳದಲ್ಲಿ ನಮ್ಮ ಚಿಕ್ಕಪ್ಪ ಕೊಟ್ಟ ದೂರು. ಐಪಿಸಿ 323, 504, 506, ಅಂದರೆ ಹೊಡೆದದ್ದು, ಕೆಣಕಿ ಅವಮಾನಿಸಿದ್ದು, ಬೆದರಿಸಿದ್ದು. ಒಂದನೇ ಆರೋಪಿ ಅಪ್ಪ, ಎರಡನೇ ಆರೋಪಿ ಅಣ್ಣ, ಮೂರನೆಯವನು ಪುಟ್ಟ. ಆಮೇಲೆ ಲೋಕ ಅದಾಲತ್‌ನಲ್ಲಿ ರಾಜಿ ಆಯಿತು. ಗುಂಪಿನಲ್ಲಿ ಇದು ಗೊತ್ತಿಲ್ಲದವರು ಯಾರೂ ಇಲ್ಲ. ಬಾಯಿಬಿಟ್ಟು ಹೇಳುವವರೂ ಯಾರೂ ಇರಲಿಲ್ಲ.

ಮೊದಲು ಬಂದವಳು ದೊಡ್ಡಪ್ಪನ ಮಗಳು ಪದ್ದಕ್ಕ. ವಕೀಲರೊಬ್ಬರ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ.

ಪದ್ದಕ್ಕ: ಮಾವ, ಇದು ಯಾವ ಕೇಸು? ಯಾವ ವರ್ಷದ ತೀರ್ಪು? ಚಿತ್ರದಲ್ಲಿ ತಾರೀಕೂ ಇಲ್ಲ, ಹೆಸರೂ ಇಲ್ಲ.

ಮಾವ: ಸುಪ್ರೀಂ ಕೋರ್ಟ್ ಅಂತ ದಪ್ಪ ಅಕ್ಷರದಲ್ಲಿ ಬರೆದಿದೆಯಲ್ಲಮ್ಮ.

ಪದ್ದಕ್ಕ: ಬರೆದವರು ಯಾರು ಅಂತ ಕೇಳಿದ್ದು.

ಅತ್ತೆ: ಶುರು ಆಯ್ತು ನೋಡು. ಅವರು ಏನು ಹಾಕಿದರೂ ನಿನಗೆ ಪುರಾವೆ ಬೇಕು. ನಮ್ಮ ಮನೆ ಗೃಹಪ್ರವೇಶದ ಮುಹೂರ್ತಕ್ಕೂ ನೀನು ಹೀಗೇ ಕೇಳಿದ್ದೆ.

ದೊಡ್ಡಪ್ಪ: ಎಲ್ಲರಿಗೂ ಶುಭೋದಯ. ಸತ್ಯಕ್ಕೆ ಸಾವಿಲ್ಲ, ಸುಳ್ಳಿಗೆ ಸುಖವಿಲ್ಲ. ಹರಿಶ್ಚಂದ್ರ ಸುಡುಗಾಡು ಕಾದ, ಸುಳ್ಳು ಹೇಳಲಿಲ್ಲ. ಪುಟ್ಟ ನಿಜವನ್ನೇ ಬರೆಯಲಿ. ನಲವತ್ತು ವರ್ಷ ಮಕ್ಕಳಿಗೆ ಇದನ್ನೇ ಹೇಳಿಕೊಟ್ಟವನು ನಾನು.

ಅತ್ತೆ: ನಮ್ಮ ಮಂಜುನ ಹುಟ್ಟಿದ ತಾರೀಕು ಜೂನ್ 1 ಅಂತ ಬರೆದವರು ಯಾರು ಅಣ್ಣ? ಅವನು ಹುಟ್ಟಿದ್ದು ದೀಪಾವಳಿ ಕಳೆದ ಮೇಲೆ.

ದೊಡ್ಡಪ್ಪ: ಆಗ ಎಲ್ಲರಿಗೂ ಹಾಗೇ ಬರೆಯುತ್ತಿದ್ದೆವು. ಮಕ್ಕಳು ಒಂದು ವರ್ಷ ಮನೆಯಲ್ಲಿ ಕೂರಬಾರದು ಅಂತ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಸಂಬಂಧ ಇತ್ತು. ಪುಟ್ಟನಿಗೂ ಜೂನ್ 1 ಅಂತಲೇ ಬರೆದಿದ್ದರು. ಜಗಳದ ದಿನ ಅವನಿಗೆ ನಿಜವಾಗಿ 18 ತುಂಬಿರಲೇ ಇಲ್ಲ ಅಂತ ಅತ್ತೆ ಹಿಡಿದ ಪಟ್ಟು ಬಿಡಲಿಲ್ಲ. ಸಣ್ಣ ಹುಡುಗನ ಕೇಸು ಲೆಕ್ಕಕ್ಕಿಲ್ಲ ಅಂತ ಅವರು ಎಲ್ಲೋ ಕೇಳಿದ್ದರು. ಆ ಮಾತು ಪೂರ್ತಿ ಸುಳ್ಳಲ್ಲ. ಪದ್ದಕ್ಕ ಬಿಡಿಸಿ ಹೇಳಿದಳು.

ಪದ್ದಕ್ಕ: ಅತ್ತೆ, 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಂ ಇದೆ. 18 ತುಂಬದವರ ಪ್ರಕರಣದಿಂದ ಮುಂದೆ ಅನರ್ಹತೆ ಬರಬಾರದು ಅಂತ ಅದು ಹೇಳುತ್ತೆ. ತೀರಾ ಘೋರ ಅಪರಾಧದ ಕೆಲವು ಪ್ರಕರಣಗಳಿಗೆ ಅದು ಅನ್ವಯಿಸಲ್ಲ. ಆದರೆ ವಯಸ್ಸು ನೋಡುವಾಗ ಮೊದಲು ತೆಗೆಯೋದು ಶಾಲೆಯ ದಾಖಲೆ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್. ಅದರ ಪ್ರಕಾರ ಪುಟ್ಟನಿಗೆ ಆಗ 18 ಆಗಿತ್ತು. ಆ ದಾರಿ ಹಿಡಿಯಬೇಡಿ.

ಮಂಜಣ್ಣ: ಆ ಹೈಸ್ಕೂಲ್ ಮೈದಾನ ನೆನಪಿದೆಯಾ ಯಾರಿಗಾದರೂ? ಪುಟ್ಟ ಅಲ್ಲೇ ಅಲ್ವಾ ಪ್ರಾಕ್ಟೀಸ್ ಮಾಡಿದ್ದು. 1600 ಮೀಟರ್, ಆರೂವರೆ ನಿಮಿಷ. ನಾವು ಬರಿಗಾಲಲ್ಲಿ ಓಡಿ ಸೀಬೆ ಮರದ ಹತ್ತಿರ ಬೀಳುತ್ತಿದ್ದೆವು. ದೊಡ್ಡಪ್ಪ ಗಡಿಯಾರ ಹಿಡಿದು ನಿಂತಿರುತ್ತಿದ್ದರು.

ಅತ್ತೆ: ಆ ಮರ ಕಡಿದವರು ಯಾರು ಅಂತಲೂ ಕೇಳು.

ಅಷ್ಟು ಹೊತ್ತಿಗೆ ಚಿಕ್ಕಪ್ಪ ಬಂದರು.

ಚಿಕ್ಕಪ್ಪ: ಹಳೇದನ್ನ ಯಾಕೆ ಕೆದಕುತ್ತೀರಿ ಎಲ್ಲರೂ? ರಾಜಿ ಆಗಿದೆ. ರಾಜಿ ಆದಮೇಲೆ ಕೇಸೇ ಇಲ್ಲ. 'ಇಲ್ಲ' ಅಂತ ಬರೆದರೆ ಏನು ತಪ್ಪು? ನನ್ನ ಹೆಸರು ಮತ್ತೆ ಸ್ಟೇಷನ್ನಿಗೆ ಹೋಗೋದು ಬೇಡ.

ನನಗೆ ಸಿಟ್ಟು ಬಂತು. ಪುಟ್ಟನ ಹೆಸರು ಸ್ಟೇಷನ್ನಿಗೆ ಹೋಗಿದ್ದು ಚಿಕ್ಕಪ್ಪ ಬರೆಸಿದ ದೂರಿನಿಂದ. ಈಗ ಅದನ್ನು ಮುಚ್ಚಿಡು ಅಂತ ಹೇಳುತ್ತಿರುವವರೂ ಅವರೇ. ಗುಂಪಿನಲ್ಲಿ ಅಷ್ಟನ್ನೂ ಬರೆಯಲಿಲ್ಲ. ಇಷ್ಟು ಬರೆದೆ:

ನಾನು: ಚಿಕ್ಕಪ್ಪ, ಪ್ರಶ್ನೆ ತಪ್ಪು ಮಾಡಿದ್ದೀಯಾ ಅಂತಲ್ಲ. ಕೇಸ್ ಇತ್ತಾ ಅಂತ. ಇತ್ತು.

ಪದ್ದಕ್ಕ: ರಾಜಿ ಆದರೆ ಕಾನೂನಿನಲ್ಲಿ ಖುಲಾಸೆ ಆದ ಹಾಗೇ ಚಿಕ್ಕಪ್ಪ, ಅದು ನಿಜ. ಆದರೆ ಕೇಸೇ ಆಗಿರಲಿಲ್ಲ ಅಂತ ಆಗಲ್ಲ. ಎಫ್‌ಐಆರ್ ನಂಬರ್ ಸ್ಟೇಷನ್ನಿನಲ್ಲಿದೆ, ಕಂಪ್ಯೂಟರಿನಲ್ಲೂ ಇದೆ. ವೆರಿಫಿಕೇಷನ್ನಿಗೆ ಕಾಗದ ಬರೋದು ಅದೇ ಸ್ಟೇಷನ್ನಿಗೆ. ಪೊಲೀಸರು ಕೇಸ್ ಮುಚ್ಚಲು ಬಿ ರಿಪೋರ್ಟ್ ಹಾಕಿದ್ದರೂ ಬರೆಯಲೇಬೇಕಿತ್ತು, ಪ್ರಶ್ನೆ ಹಾಗೆ ಕೇಳಿದ್ದರೆ.

ಮಾವ: ಹಾಗಾದರೆ ಕೋರ್ಟ್ ಹೇಳಿದ್ದು ಸುಳ್ಳಾ?

ಇಲ್ಲಿ ಪದ್ದಕ್ಕ ಬರೆದದ್ದು ಉದ್ದ ಇತ್ತು. ಯಾರೂ ಪೂರ್ತಿ ಓದಲಿಲ್ಲ ಅಂತ ಮುಂದಿನ ಮಾತುಗಳಲ್ಲಿ ಗೊತ್ತಾಯಿತು. ಬೇರೆ ಮನೆಗಳ ಪುಟ್ಟಂದಿರಿಗೂ ಬೇಕಾದ ವಿಷಯ ಅದು, ಹಾಗಾಗಿ ಇಲ್ಲಿ ಹಾಕುತ್ತಿದ್ದೇನೆ.

ಪದ್ದಕ್ಕ: ಈ ವಿಷಯದಲ್ಲಿ ಬುಡದ ತೀರ್ಪು 2016 ಜುಲೈನದು. ಅವತಾರ್ ಸಿಂಗ್ ಕೇಸು, ಮೂವರು ನ್ಯಾಯಮೂರ್ತಿಗಳ ಪೀಠ. ಅದಕ್ಕೂ ಮುಂಚೆ ಒಂದು ತೀರ್ಪು ಮೃದು, ಇನ್ನೊಂದು ಕಟು ಅಂತ ಇತ್ತು. 2011ರಲ್ಲಿ ದೆಹಲಿ ಪೊಲೀಸ್ ಹೆಡ್ ಕಾನ್‌ಸ್ಟೆಬಲ್ ಹುದ್ದೆಗೆ ಅರ್ಜಿ ಹಾಕಿದ ಹುಡುಗನನ್ನು, ಎಳೇ ವಯಸ್ಸಿನ ತಪ್ಪು ಅಂತ ಕೋರ್ಟ್ ಮನ್ನಿಸಿತ್ತು. 2013ರಲ್ಲಿ ಅದೇ ದೆಹಲಿ ಪೊಲೀಸರ ಮೆಹರ್ ಸಿಂಗ್ ಕೇಸಿನಲ್ಲಿ, ಬರೀ ಖುಲಾಸೆ ಆದರೆ ಸಾಲದು, ಹೇಗೆ ಖುಲಾಸೆ ಆಯ್ತು ಅಂತ ಇಲಾಖೆ ನೋಡಬಹುದು ಅಂದಿತು. 2016ರ ಪೀಠ ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿತು. ಕೊಡುವ ಮಾಹಿತಿ ನಿಜ ಇರಬೇಕು, ಮುಚ್ಚಿಡಬಾರದು. ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದ್ದು, ಸಣ್ಣಪುಟ್ಟ ಪ್ರಕರಣ, ಇಂಥದ್ದನ್ನು ಮುಚ್ಚಿಟ್ಟಿದ್ದರೂ ಇಲಾಖೆ ಮನಸ್ಸು ಮಾಡಿದರೆ ಮನ್ನಿಸಬಹುದು. ಮನ್ನಿಸಲೇಬೇಕು ಅಂತಿಲ್ಲ. ಫಾರಂನಲ್ಲಿ ಸ್ಪಷ್ಟವಾಗಿ ಕೇಳದೇ ಇದ್ದದ್ದನ್ನು ಹೇಳಲಿಲ್ಲ ಅಂತ ತಪ್ಪು ಹೊರಿಸುವ ಹಾಗಿಲ್ಲ.

ಪದ್ದಕ್ಕ: 2022 ಮೇ ತಿಂಗಳಲ್ಲಿ ರೈಲ್ವೆ ರಕ್ಷಣಾ ಪಡೆಯ ಕಾನ್‌ಸ್ಟೆಬಲ್ ಪವನ್ ಕುಮಾರ್ ಅವರ ಕೇಸು ಬಂತು. ಮುಚ್ಚಿಟ್ಟ ಅನ್ನೋ ಒಂದೇ ಮಾತಿಗೆ ಹಿಂದೆಮುಂದೆ ನೋಡದೆ ಕೆಲಸದಿಂದ ತೆಗೆಯಬಾರದು ಅಂತ ಕೋರ್ಟ್ ಹೇಳಿತು. ಮಾವನ ಫಾರ್ವರ್ಡ್ ಅದರಿಂದ ಹುಟ್ಟಿರಬೇಕು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಿಆರ್‌ಪಿಎಫ್ ಸೇರಿದವರ ಕೇಸಿನಲ್ಲಿ, ಪೊಲೀಸ್ ಪಡೆಯವರ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟಾಗಿ ನೋಡಬೇಕು ಅಂತಲೂ ಹೇಳಿತು. ಅದನ್ನು ಯಾರೂ ಫಾರ್ವರ್ಡ್ ಮಾಡಲ್ಲ. ಕೆಲಸ ವಾಪಸ್ ಸಿಕ್ಕವರೂ ವರ್ಷಗಟ್ಟಲೆ ಕೋರ್ಟು ಅಲೆದು ಪಡೆದದ್ದು.

ಚಿಕ್ಕಪ್ಪ: ಇಷ್ಟು ಓದಿದವಳು ನಮ್ಮ ರಾಜಿ ಪತ್ರ ಬರೆಯುವಾಗ ಎಲ್ಲಿದ್ದೆ?

ಪದ್ದಕ್ಕ: ನೀವು ಯಾರೂ ಕರೀಲಿಲ್ಲ ಚಿಕ್ಕಪ್ಪ.

ಅಪ್ಪ: ಕರೆಯಬೇಡಿ ಅಂತ ಹೇಳಿದ್ದು ಅವನೇ.

ಅಲ್ಲಿಂದ ಸ್ವಲ್ಪ ಹೊತ್ತು ರಾಜಿಯ ದಿನದ್ದೇ ಮಾತು. ಯಾರ ಕಾರಿನಲ್ಲಿ ಯಾರು ಹೋದರು, ಕೋರ್ಟಿನ ಅಂಗಳದಲ್ಲಿ ಯಾರು ಯಾರನ್ನು ಮಾತಾಡಿಸಲಿಲ್ಲ, ಊಟದ ಹೊತ್ತಿಗೆ ಯಾರು ಎದ್ದು ನಡೆದರು. ಪುಟ್ಟನ ಹೆಸರನ್ನು ಯಾರೂ ಎತ್ತಲಿಲ್ಲ. ಅವನು ಪಕ್ಕದ ಕೋಣೆಯಲ್ಲಿ ಎಲ್ಲವನ್ನೂ ಓದುತ್ತಾ ಕೂತಿದ್ದ. ಒಂದು ಅಕ್ಷರವನ್ನೂ ಬರೆಯಲಿಲ್ಲ. ಕೆಲಸ ಹೋಗುವುದಿದ್ದರೆ ಅವನದು, ಮಾತು ಉಳಿದವರದು. ಇದು ನನಗೆ ತುಂಬಾ ನೋವು ಕೊಟ್ಟಿತು.

ಮಾವ: ನಾನೇನು ಕೆಟ್ಟದ್ದು ಬಯಸಿ ಹಾಕಿದ್ದಾ? ಎಲ್ಲರೂ ಮುಚ್ಚಿಡ್ತಾರೆ. 545 ಪಿಎಸ್‌ಐ ಹುದ್ದೆಗೆ ಏನಾಯ್ತು, ಎಲ್ಲರೂ ನೋಡಿದ್ದೀವಲ್ಲ. ಓಎಂಆರ್ ಉತ್ತರ ಹಾಳೆ ತಿದ್ದಿದವರು, ಬ್ಲೂಟೂತ್ ಇಟ್ಟುಕೊಂಡು ಬರೆದವರು. ಅವರ ಮುಂದೆ ನಮ್ಮ ಹುಡುಗನ ಬೇಲಿ ಕೇಸು ಯಾವ ಲೆಕ್ಕ?

ಇದು ತುಂಬಾ ಮನೆಗಳಲ್ಲಿ ಕೇಳುವ ಮಾತು, ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ಅವರೆಲ್ಲ ಮಾಡಿದರು, ನಾವು ಮಾಡಿದರೆ ತಪ್ಪಾ ಅನ್ನುವ ಮಾತು. ನಾನು ಮಾವನಿಗೆ ಗುಂಪಿನಲ್ಲೇ ಉತ್ತರ ಕೊಟ್ಟೆ.

ನಾನು: ಮಾವ, ಆ ಪರೀಕ್ಷೆ ನಡೆದದ್ದು 2021ರ ಅಕ್ಟೋಬರಿನಲ್ಲಿ. ಅಕ್ರಮ ಹೊರಗೆ ಬಂದು, ಸಿಐಡಿ ತನಿಖೆಯಾಗಿ, ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಬರೆದು ಪಾಸಾಗಿದ್ದವರೂ ಮತ್ತೆ ಕೂತು ಬರೆಯಬೇಕಾಯ್ತು. ಮದುವೆ ಮುಂದೆ ಹಾಕಿದವರು, ಇದ್ದ ಕೆಲಸ ಬಿಟ್ಟವರು ಎಷ್ಟು ಜನ ಇದ್ದಾರೋ. ಆ ಹುಡುಗರನ್ನು ನೆನೆಸಿಕೊಳ್ಳಿ. ಇಲ್ಲೂ ಅಷ್ಟೇ. ಪುಟ್ಟನಷ್ಟೇ ಮಾರ್ಕ್ಸ್ ತೆಗೆದ ಇನ್ನೊಬ್ಬ ಹುಡುಗ ಇದೇ ಪ್ರಶ್ನೆಗೆ ಹೆದರುತ್ತಲೇ 'ಹೌದು' ಅಂತ ಬರೆದಿರುತ್ತಾನೆ.

ನಾನು: ಇನ್ನೊಂದು ಮಾತು. ನಾಳೆ ಪುಟ್ಟ ಸಮವಸ್ತ್ರ ಹಾಕಿದಮೇಲೆ ಮಾಡೋ ಕೆಲಸ ಏನು? ದೂರು ಬರೆದುಕೊಳ್ಳೋದು, ಮಹಜರಿಗೆ ನಿಲ್ಲೋದು, ಕೋರ್ಟಿನಲ್ಲಿ ಪ್ರಮಾಣ ಮಾಡಿ ಸಾಕ್ಷಿ ಹೇಳೋದು. ಒಬ್ಬನಿಗೆ ಜೈಲಾಗೋದು ಅವನು ಬರೆದ ಸಾಲಿನ ಮೇಲೆ ನಿಂತಿರುತ್ತೆ. ಅವನದೇ ಫಾರಂ ಸುಳ್ಳು ಅಂತ ಗೊತ್ತಿದ್ದರೆ ಅವನ ಸಾಕ್ಷಿಯನ್ನು ಯಾರು ನಂಬಬೇಕು? ಪ್ರತಿವಾದಿ ವಕೀಲರು ಬಿಡ್ತಾರಾ? ಗೊತ್ತಿರುವ ಯಾರೋ ಒಬ್ಬರು, ನಾನು ಹೇಳಿದ ಹಾಗೆ ಬರಿ, ಇಲ್ಲದಿದ್ದರೆ ಬಾಯಿಬಿಡ್ತೀನಿ ಅಂದರೆ?

ಮಾವ ಓದಿದರು. ಉತ್ತರ ಬರೆಯಲಿಲ್ಲ.

ದೊಡ್ಡಪ್ಪ: ಇದನ್ನೇ ನಾನು ಬೆಳಿಗ್ಗೆ ಹೇಳಿದ್ದು. 'ಹೌದು' ಅಂತ ಬರೆಯಲಿ, ದೇವರು ಕೈ ಬಿಡೋಲ್ಲ. ಕೆಲಸ ಸಿಕ್ಕೇ ಸಿಗುತ್ತೆ.

ದೊಡ್ಡಪ್ಪನ ಮೇಲೆ ಗೌರವ ಇದ್ದರೂ ಈ ಮಾತನ್ನು ನಾನು ಒಪ್ಪಲಾರೆ. ನಿಜ ಬರೆದರೂ ಇಲಾಖೆ ಹಿನ್ನೆಲೆ ನೋಡಿ ಬೇಡ ಅನ್ನಬಹುದು. ನೇಮಿಸಿಕೊಳ್ಳಲೇಬೇಕು ಅಂತ ಒತ್ತಾಯ ಇಲ್ಲ, 2016ರ ತೀರ್ಪೇ ಹಾಗೆ ಹೇಳುತ್ತದೆ. ಹುಡುಗನಿಗೆ ಅದನ್ನು ಹೇಳದೆ, ಸತ್ಯ ಬರೆದರೆ ಗೆದ್ದೇ ಗೆಲ್ಲುತ್ತೀಯ ಅಂತ ಹುರಿದುಂಬಿಸಿದರೆ ಅದೂ ಮೋಸವೇ. ನಾನು ಪುಟ್ಟನ ಕೋಣೆಗೆ ಹೋಗಿ ಎರಡನ್ನೂ ಹೇಳಿದೆ. 'ಹೌದು' ಅಂತ ಬರೆದರೆ ಕೆಲಸ ಸಿಗದೇ ಹೋಗಬಹುದು. ನಿನ್ನ ಮೇಲಿದ್ದದ್ದು ಬೈಗುಳ, ಕೈ ಮಿಲಾಯಿಸಿದ ಜಗಳದ ಕೇಸು, ಮನೆಯವರೇ ಕೂತು ಮುಗಿಸಿಕೊಂಡದ್ದು. ಅದನ್ನು ನೋಡಿ ತೂಗುವ ಅಧಿಕಾರಿಗೆ ತೂಗಲು ಏನಾದರೂ ಇರುತ್ತದೆ. 'ಇಲ್ಲ' ಅಂತ ಬರೆದು ಸಿಕ್ಕಿಬಿದ್ದರೆ ಬೇಲಿ ಕೇಸನ್ನು ಯಾರೂ ನೋಡುವುದಿಲ್ಲ, ಸುಳ್ಳನ್ನು ಮಾತ್ರ ನೋಡುತ್ತಾರೆ. ತರಬೇತಿಯ ನಡುವೆ ಸಿಕ್ಕಿಬೀಳಬಹುದು, ಸರ್ವಿಸ್ ಆದಮೇಲೂ ಸಿಕ್ಕಿಬೀಳಬಹುದು.

ಅವನು ಕೇಳಿದ್ದು ಒಂದೇ: "ಚಿಕ್ಕಪ್ಪನ ಹೆಸರು ಬರೆಯಬೇಕಾ?"

ಅದನ್ನು ಅವನೇ ಗುಂಪಿನಲ್ಲಿ ಕೇಳಲಿ ಅಂತ ಹೇಳಿದೆ. ಕೇಳಿದ.

ಪುಟ್ಟ: ಪದ್ದಕ್ಕ, ನಾನು 'ಹೌದು' ಅಂತ ಬರೀತೀನಿ. ಕೆಳಗೆ ವಿವರಕ್ಕೆ ಜಾಗ ಇದೆ. ಅಲ್ಲಿ ಏನೇನು ಹಾಕಬೇಕು?

ಗುಂಪು ಸ್ವಲ್ಪ ಹೊತ್ತು ತಣ್ಣಗಾಯಿತು.

ಪದ್ದಕ್ಕ: ಸ್ಟೇಷನ್ ಹೆಸರು, ಅಪರಾಧ ಸಂಖ್ಯೆ, ಕಲಂಗಳು, ಕೋರ್ಟು, ಸಿ.ಸಿ. ನಂಬರ್ (ಕೋರ್ಟು ಕೇಸಿಗೆ ಕೊಟ್ಟ ಸಂಖ್ಯೆ), ರಾಜಿಯಾದ ತಾರೀಕು. ಲೋಕ ಅದಾಲತ್ ಆದೇಶದ ನಕಲು ಲಗತ್ತಿಸಿದೆ ಅಂತ ಒಂದು ಸಾಲು. ದೂರು ಕೊಟ್ಟವರ ಹೆಸರು ಕೇಳಿಲ್ಲ ಅಂದರೆ ಬರೆಯೋದು ಬೇಡ. ಯಾರದ್ದು ತಪ್ಪು ಅಂತ ವಾದವೂ ಬೇಡ, ಅಲ್ಲಿ ಅದಕ್ಕೆ ಜಾಗ ಇಲ್ಲ. ಝೆರಾಕ್ಸ್ ಸಾಲದು. ಕೋರ್ಟಿನ ನಕಲು ಶಾಖೆಯಲ್ಲಿ ಅರ್ಜಿ ಕೊಟ್ಟು ದೃಢೀಕೃತ ಪ್ರತಿ ತಗೋ. ಅದಕ್ಕೆ ಸಿ.ಸಿ. ನಂಬರ್ ಬೇಕು.

ಪುಟ್ಟ: ನಂಬರ್ ನಮ್ಮ ಹತ್ತಿರ ಇಲ್ಲ. ಚಿಕ್ಕಪ್ಪ, ನಿಮ್ಮ ಹತ್ತಿರ ಫೈಲ್ ಇದೆ ಅಲ್ವಾ?

ಮಂಜಣ್ಣ: ಆಲ್ ದಿ ಬೆಸ್ಟ್ ಪುಟ್ಟ. ಓಡಿದ್ದೀಯ, ಇದನ್ನೂ ದಾಟ್ತೀಯ.

ಅತ್ತೆ: ಜೂನ್ 1ರ ವಿಷಯ ಇನ್ನೂ ಮುಗಿದಿಲ್ಲ ಅಣ್ಣ.

ಚಿಕ್ಕಪ್ಪನ ಉತ್ತರ ಬಂದಾಗ ಊಟದ ಹೊತ್ತು ಮೀರಿತ್ತು.

ಚಿಕ್ಕಪ್ಪ: ಸಿ.ಸಿ. ನಂಬರ್ ಡೈರಿಯಲ್ಲಿದೆ. ಸಂಜೆ ಹುಡುಕಿ ಹಾಕ್ತೀನಿ. ಫೈಲೂ ತಗೊಂಡು ಹೋಗು ಪುಟ್ಟ. ಆದರೆ ಬೇಲಿ ಮೊದಲು ಕಿತ್ತಿದ್ದು ನಿಮ್ಮಪ್ಪನೇ.

ಅಪ್ಪ ಅದಕ್ಕೆ ಉತ್ತರ ಟೈಪ್ ಮಾಡಲು ಶುರು ಮಾಡಿದರು. ಫೋನ್ ನನ್ನ ಕೈಗೆ ತೆಗೆದುಕೊಂಡು, "ನಂಬರ್ ಬರೋವರೆಗೂ ಸುಮ್ನಿರಿ ಅಪ್ಪ" ಅಂದೆ.