ಹಳೇ ಬಂಗಲೆ: ನಡುಗೋಡೆ ತೆಗೆಯಬಹುದಾ? ಮೂಲೆಯ ಬಿರುಕು ಬೇರೆ ಕಾಡುತ್ತಿದೆ

ಹಳೇಬಾಗಿಲು:
ನಮ್ಮದು ಒಂದೇ ಅಂತಸ್ತಿನ ಹಳೇ ಬಂಗಲೆ. ಇಟ್ಟಿಗೆ ಗೋಡೆ, ಸುಣ್ಣದ ಗಾರೆ, ಮೇಲೆ ಮರದ ಜಂತೆಗಳ ತಾರಸಿ. ಹಾಲ್‌ಗೂ ಊಟದ ಕೋಣೆಗೂ ನಡುವಿನ 14 ಅಡಿ ಗೋಡೆ ತೆಗೆದು ಒಂದೇ ಹಾಲ್ ಮಾಡಬೇಕು ಅಂತಿದ್ದೇವೆ. ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಬರೀ ಅಡ್ಡಗೋಡೆ, ಒಡೆದರೆ ಏನೂ ಆಗಲ್ಲ ಅನ್ನುತ್ತಾರೆ ಮೇಸ್ತ್ರಿ.

ಇನ್ನೊಂದು ತೊಂದರೆ. ಈ ಗೋಡೆ ಹಿಂದಿನ ಹೊರಗೋಡೆಗೆ ಸೇರುವ ಕಡೆ ಒಂದು ಕಿಟಕಿ ಇದೆ. ಅದರ ಮೂಲೆಯಿಂದ ಮೇಲಕ್ಕೆ ಓರೆಯಾಗಿ ಬಿರುಕು ಹೋಗಿದೆ. ಪುಟ್ಟಿ ತುಂಬಿ ಬಣ್ಣ ಹೊಡೆಸಿದ್ದೆವು, ಮತ್ತೆ ಬಾಯಿ ಬಿಟ್ಟಿದೆ. ಮೇಲುಗಡೆ ನಾಣ್ಯ ತೂರುತ್ತದೆ, ಕೆಳಗೆ ಕೂದಲೆಳೆಯಷ್ಟೇ. ಗೋಡೆ ತೆಗೆಸಿ, ಆಮೇಲೆ ಪ್ಲಾಸ್ಟರ್ ಮಾಡುವಾಗ ಬಿರುಕನ್ನೂ ಮುಚ್ಚಿಸಿದರೆ ಸಾಕಲ್ವಾ?

ತೊಲೆಜಂತೆ:
ದಯವಿಟ್ಟು ಇನ್ನೂ ಸುತ್ತಿಗೆ ಎತ್ತಿಸಬೇಡಿ. ಟೊಳ್ಳು ಸದ್ದಿಗೆ ಅರ್ಥವೇ ಇಲ್ಲ. ಹಳೇ ಸುಣ್ಣದ ಪ್ಲಾಸ್ಟರ್ ಇಟ್ಟಿಗೆಯಿಂದ ಬಿಟ್ಟುಕೊಂಡಿದ್ದರೂ ಹಾಗೇ ಕೇಳಿಸುತ್ತದೆ. ಬಾಗಿಲ ಹತ್ತಿರ ಗೋಡೆಯ ದಪ್ಪ ಅಳೆಯಿರಿ, ಪ್ಲಾಸ್ಟರ್ ಲೆಕ್ಕ ಕಳೆಯಿರಿ. 9 ಇಂಚು ಬಂದರೆ ಭಾರ ಹೊರುವ ಗೋಡೆ ಅಂತಲೇ ಇಟ್ಟುಕೊಳ್ಳಿ. ನಾಲ್ಕೂವರೆ ಇಂಚು ಬಂದರೂ ನಂಬುವ ಹಾಗಿಲ್ಲ. ವರ್ಷಗಟ್ಟಲೆ ಬಾಗಿದ ಜಂತೆ ಕೆಳಗಿನ ತೆಳು ಗೋಡೆಯ ಮೇಲೇ ಕೂತುಬಿಟ್ಟಿರುತ್ತದೆ. ಆಮೇಲೆ ಜಂತೆಗಳು ಯಾವ ದಿಕ್ಕಿಗೆ ಓಡುತ್ತವೆ, ತುದಿ ಎಲ್ಲಿ ಕೂತಿದೆ ನೋಡಿ.

ಬಿರುಕಿನ ವಿಷಯ. ಮೇಲೆ ಅಗಲ, ಕೆಳಗೆ ಸಣ್ಣ, ಅದೂ ಓರೆ ಅಂದರೆ ಆ ತುದಿಯ ಪಾಯ ಕುಸಿಯುತ್ತಿರುವ ಸಾಧ್ಯತೆ ಜಾಸ್ತಿ. ಮಳೆನೀರು ಎಲ್ಲಿ ಬೀಳುತ್ತದೆ? ಹತ್ತಿರ ಚರಂಡಿ ಪೈಪ್, ದೊಡ್ಡ ಮರ ಏನಾದರೂ ಇದೆಯಾ?

ಹಳೇಬಾಗಿಲು:
ಅಳೆದೆ. ಪ್ಲಾಸ್ಟರ್ ಬಿಟ್ಟು 9 ಇಂಚು. ಎರಡೂ ಕೋಣೆಯ ಜಂತೆಗಳ ತುದಿ ಇದೇ ಗೋಡೆ ಮೇಲೆ ಕೂತಿವೆ. ತಾರಸಿಯ ನೀರು ಬೀಳುವ ಪೈಪ್ ಸರಿಯಾಗಿ ಅದೇ ಮೂಲೆಗೆ ಬಿಟ್ಟಿದೆ, ಕೆಳಗೆ ಮಣ್ಣು ತಗ್ಗಾಗಿದೆ. ಹೊರಗೋಡೆ ಕಡೆಯ ಒಂದು ಜಂತೆಯ ತುದಿಗೆ ಸ್ಕ್ರೂಡ್ರೈವರ್ ಚುಚ್ಚಿದರೆ ಅರ್ಧ ಇಂಚು ಒಳಗೆ ಹೋಯಿತು.

ಗಾರೆಕೆಲಸ:
ಇಷ್ಟು ತಲೆ ಕೆಡಿಸಿಕೊಳ್ಳೋದು ಯಾಕೆ? ಒಂದು ದಪ್ಪ ಕಬ್ಬಿಣದ ಐ ಬೀಮ್ (I ಆಕಾರದ ತೊಲೆ) ಹಾಕಿ ಗೋಡೆ ತೆಗೆಯಿರಿ. ಎಲ್ಲರೂ ಹಾಗೇ ಮಾಡೋದು.

ತೊಲೆಜಂತೆ:
ಗಾರೆಕೆಲಸ ಅವರೇ, ಬೀಮ್ ಮುರಿಯಲ್ಲ, ಒಪ್ಪುತ್ತೇನೆ. ಆದರೆ ಬಾಗುತ್ತದೆ. ಅಡಿಗೆ ಇಷ್ಟು ಅಂತ ಭಾರ ಒಂದೇ ಸಮ ಇದ್ದಾಗ, ಅದೇ ಬೀಮಿನ ಉದ್ದ ಎರಡರಷ್ಟಾದರೆ ಬಾಗುವಿಕೆ 16 ಪಟ್ಟಾಗುತ್ತದೆ. ಕಬ್ಬಿಣಕ್ಕೆ ಏನೂ ಆಗದಿದ್ದರೂ ಮೇಲಿನ ತಾರಸಿ ಸೀಳುತ್ತದೆ. ದಪ್ಪ ಕಣ್ಣಳತೆಯಲ್ಲಿ ಹೇಳುವುದಲ್ಲ, ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕಿ ಕೊಡಬೇಕು.

ಇಲ್ಲಿ ನಿಜವಾದ ಅಪಾಯ ಬೀಮಿನ ತುದಿಗಳಲ್ಲಿದೆ. ಈಗ ತಾರಸಿಯ ಭಾರ 14 ಅಡಿ ಉದ್ದದ ಪಾಯಕ್ಕೆ ಹಂಚಿ ಇಳಿಯುತ್ತಿದೆ. ಗೋಡೆ ಹೋದರೆ ಏಳೇಳು ಅಡಿಯ ಭಾರ ಒಂದೊಂದು ತುದಿಯಲ್ಲಿ, ಅಂಗೈಯಗಲದ ಜಾಗದಲ್ಲಿ ಬಂದು ಕೂರುತ್ತದೆ. ಅದರಲ್ಲಿ ಒಂದು ತುದಿ ಈಗಾಗಲೇ ಕುಸಿಯುತ್ತಿರುವ ಆ ಮೂಲೆ! ಜೊತೆಗೆ ಈ ನಡುಗೋಡೆ ಹೊರಗೋಡೆ ವಾಲದ ಹಾಗೆ ಹಿಡಿದುಕೊಂಡೂ ಇದೆ.

ಹಾಗಾಗಿ ಪೂರ್ತಿ ತೆಗೆಯುವ ಆಸೆ ಬಿಡಿ. ಎರಡೂ ಕಡೆ ಎರಡೆರಡು ಅಡಿ ಗೋಡೆ ಉಳಿಸಿಕೊಳ್ಳಿ. ಹತ್ತಡಿ ಬಯಲು ಸಿಗುತ್ತದೆ, ನೋಡಲು ಅದೇನೂ ಕಮ್ಮಿಯಲ್ಲ. ಭಾರ ಹಳೇ ಪಾಯದ ಮೇಲೇ ಇಳಿಯುತ್ತದೆ, ಹೊರಗೋಡೆಗೂ ಹಿಡಿತ ಇರುತ್ತದೆ. ಅಷ್ಟು ತುಂಡು ಸಾಕಾ, ಕೆಳಗಿನ ಪಾಯ ತಾಳುತ್ತದಾ ಅನ್ನುವುದಕ್ಕೆ ಗೋಡೆ ಪಕ್ಕ ಒಂದು ಗುಂಡಿ ತೋಡಿ ಎಂಜಿನಿಯರ್‌ಗೆ ತೋರಿಸಿ.

ಹಳೇಬಾಗಿಲು:
ಇದು ಯಾರೂ ಹೇಳಿರಲಿಲ್ಲ. ಹಾಗಾದರೆ ಶುರು ಎಲ್ಲಿಂದ?

ತೊಲೆಜಂತೆ:
ನೀರಿನಿಂದ. ಆ ಪೈಪನ್ನು ಗೋಡೆಯಿಂದ ದೂರ ತಿರುಗಿಸಿ, ತಗ್ಗು ತುಂಬಿಸಿ, ನೆಲ ಹೊರಕ್ಕೆ ಇಳಿಜಾರು ಇರಲಿ. ಅಲ್ಲೇ ಚರಂಡಿ ಪೈಪ್ ಇದ್ದರೆ ಸೋರುತ್ತಿದೆಯಾ ಪರೀಕ್ಷೆ ಮಾಡಿಸಿ. ಇದಾದ ಮೇಲೆ ಬಿರುಕಿನ ಎರಡೂ ಕಡೆ ಒಂದೊಂದು ಸಣ್ಣ ಸ್ಕ್ರೂ ಕೂರಿಸಿ, ನಡುವಿನ ಅಂತರವನ್ನು ಸೂಕ್ಷ್ಮ ಅಳತೆಯ ಸಾಧನ ಕ್ಯಾಲಿಪರ್‌ನಲ್ಲಿ ಅಳೆದು ತಾರೀಖು ಸಮೇತ ಬರೆದಿಡಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಲಿ. ಜೇಡಿಮಣ್ಣು ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಬಿರುಕೂ ಅದರ ಜೊತೆ ಆಡುತ್ತದೆ. ತಿಂಗಳು ತಿಂಗಳು ಒಂದೇ ಕಡೆಗೆ ಬೆಳೆಯುತ್ತಿದ್ದರೆ ಪಾಯಕ್ಕೇ ಕೆಲಸ ಬೇಕು. ನಿಂತಿದ್ದರೆ ಹೊಲಿಗೆ ಸಾಕು. ಅಂದರೆ ಇಟ್ಟಿಗೆ ಸಂದಿಯಲ್ಲಿ ಉದ್ದಕ್ಕೆ ಸಣ್ಣ ಕಾಲುವೆಯ ಹಾಗೆ ಕೊರೆದು, 6 ಮಿಲಿಮೀಟರ್ ಸುರುಳಿ ಸ್ಟೇನ್‌ಲೆಸ್ ಸರಳನ್ನು ಬಿರುಕಿನ ಎರಡೂ ಕಡೆ ಅರ್ಧ ಮೀಟರ್ ಚಾಚುವ ಹಾಗೆ, ಸಂದಿ ತುಂಬುವ ಗಾರೆಯಾದ ಗ್ರೌಟ್‌ನಲ್ಲಿ ಕೂರಿಸುವುದು.

ಮೆತ್ತಗಾದ ಜಂತೆ ತುದಿಗೂ ಈ ನೀರೇ ಕಾರಣ ಇರಬಹುದು. ಗೆದ್ದಲಿದೆಯಾ ನೋಡಿ. ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ ಹೊಸ ತುಂಡನ್ನು ಬೋಲ್ಟ್ ಹಾಕಿ ಸೇರಿಸುತ್ತಾರೆ. ಅಕ್ಕಪಕ್ಕದ ತುದಿಗಳನ್ನೂ ಚುಚ್ಚಿ ನೋಡದೆ ಬಿಡಬೇಡಿ.

ಗೋಡೆ ತೆರೆಯುವ ದಿನ ಎರಡೂ ಕೋಣೆಯಲ್ಲಿ ಜಂತೆಗಳ ಕೆಳಗೆ ಸಾಲಾಗಿ ಉಕ್ಕಿನ ಪ್ರಾಪ್ (ತಾತ್ಕಾಲಿಕ ಆಸರೆ ಕಂಬ) ನಿಲ್ಲಲಿ. ಒಂದೇ ಕಡೆ ಸಾಲದು. ಬುಡಕ್ಕೆ ಅಡ್ಡ ಹಲಗೆ ಬೇಕೇ ಬೇಕು, ಇಲ್ಲದಿದ್ದರೆ ಹಳೇ ನೆಲದೊಳಗೆ ಇಳಿದುಬಿಡುತ್ತವೆ. ಬೀಮಿನ ತುದಿ, ಭಾರ ಹರಡುವ ಕಾಂಕ್ರೀಟ್ ದಿಂಬಿನ ಮೇಲೆ ಕೂರಬೇಕು, ಮೇಲಿನ ಸಂದಿಗೆ ಗಟ್ಟಿಯಾಗಿ ಕಲಸಿದ ಗಾರೆ ಒತ್ತಿ ತುಂಬಬೇಕು. ಅದು ಬಲಿಯುವ ಮುಂಚೆ ಪ್ರಾಪ್ ತೆಗೆಯಲು ಬಿಡಬೇಡಿ. ವೈರಿಂಗ್, ಪ್ಲಾಸ್ಟರ್, ನೆಲ ಎಲ್ಲ ಆಮೇಲೆ. ಪ್ಲಾಸ್ಟರ್ ಸುಣ್ಣದ್ದೇ ಇರಲಿ, ಸಿಮೆಂಟ್ ಬಳಿದರೆ ತೇವ ಗೋಡೆಯೊಳಗೇ ಉಳಿಯುತ್ತದೆ.

ಹಳೇಬಾಗಿಲು:
ಪೈಪ್ ನಾಳೆಯೇ ತಿರುಗಿಸುತ್ತೇವೆ. ಅಂದಹಾಗೆ, ನಡುಗೋಡೆಯ ನೇರಕ್ಕೆ ತಾರಸಿ ಮೇಲೆ 1000 ಲೀಟರ್ ನೀರಿನ ಟ್ಯಾಂಕ್ ಇದೆ. ಅದು ಇದ್ದರೆ ಪರವಾಗಿಲ್ವಾ?

ತೊಲೆಜಂತೆ:
ತುಂಬಿದರೆ ಒಂದು ಟನ್ ಸರ್ ಅದು! ಬೀಮ್ ಲೆಕ್ಕಕ್ಕೆ ಮುಂಚೆಯೇ ಎಂಜಿನಿಯರ್‌ಗೆ ಹೇಳಿ. ಪ್ರಾಪ್ ನಿಲ್ಲಿಸುವ ಹೊತ್ತಿಗೆ ಖಾಲಿ ಮಾಡಿ ಇಳಿಸಿರಬೇಕು. ವಾಪಸ್ ಇಡುವಾಗ ಜಾಗ ಅವರೇ ತೋರಿಸಲಿ.